ಲಸಿಕೆ, ಕೀಲುಬೇನೆ ಮತ್ತು ರೋಗಿಯ ಮಾತು

ಕಳೆದ ಕೆಲವು ತಿಂಗಳುಗಳಲ್ಲಿ ನನ್ನ ಮೂವರು ಹಳೆಯ ವಿದ್ಯಾರ್ಥಿಗಳು, ಒಬ್ಬರು ಸಿಂಧನೂರಿನಿಂದ, ಒಬ್ಬರು ಲಿಂಗಸುಗೂರಿನಿಂದ, ಮತ್ತೊಬ್ಬರು ಮಸ್ಕಿಯಿಂದ, ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ಮನೆಯಲ್ಲಿ ತಾಯಿಗೋ ಹೆಂಡತಿಗೋ ಅತ್ತೆಗೋ ಸಂಧಿವಾತ. ವರ್ಷಗಳಿಂದ ಮಾತ್ರೆ ನಡೆದಿದೆ. ಈಗ ವೈದ್ಯರು ಫ್ಲೂ ಲಸಿಕೆಯನ್ನೋ ನ್ಯುಮೋನಿಯಾ ಲಸಿಕೆಯನ್ನೋ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಹಾಕಿಸಬಹುದೇ, ಬೇನೆ ಕೆರಳುವುದಿಲ್ಲವೇ, ಕೋವಿಡ್ ಲಸಿಕೆಯ ಕಾಲದಲ್ಲಿ ಆದಂತೆ ಆಗುವುದಿಲ್ಲವೇ ಎಂಬುದು ಅವರ ಆತಂಕ.

ನಾನು ವೈದ್ಯನಲ್ಲ, ಮಕ್ಕಳಿಗೆ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಯಾರಿಗೆ ಯಾವ ಲಸಿಕೆ ಎಂಬುದನ್ನು ಅವರವರ ವೈದ್ಯರೇ ಹೇಳಬೇಕು. ಆದರೆ ಈ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಪ್ರಶ್ನೆ ಇದೆ, ಅದರ ಬಗ್ಗೆ ಮಾತನಾಡಲು ವೈದ್ಯನಾಗಬೇಕಿಲ್ಲ. ಲಸಿಕೆ ಹಾಕಿಸಿಕೊಂಡ ಮೇಲೆ ಆ ತಾಯಿ ಹೇಗಿದ್ದಾಳೆ ಎಂದು ಕೇಳಿದವರು ಯಾರು? ಅವಳು ಕೊಟ್ಟ ಉತ್ತರವನ್ನು ಬರೆದುಕೊಂಡವರು ಯಾರು? ಲಸಿಕೆಯ ವಿಷಯದಲ್ಲಿ ನಮ್ಮ ಭಾಗದ ಜನರಲ್ಲಿ ಉಳಿದಿರುವ ಹಿಂಜರಿಕೆಗೆ ಅಜ್ಞಾನಕ್ಕಿಂತ ಈ ಕೇಳದಿರುವಿಕೆಯೇ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ಕಾಯಿಲೆಯ ಸ್ವರೂಪ. ನಮ್ಮ ದೇಹದಲ್ಲಿ ಹೊರಗಿನಿಂದ ಬಂದ ರೋಗಾಣುಗಳನ್ನು ಗುರುತಿಸಿ ಹೊಡೆದೋಡಿಸುವ ಒಂದು ಕಾವಲು ವ್ಯವಸ್ಥೆ ಇದೆ. ಕೆಲವರಲ್ಲಿ ಈ ಕಾವಲು ದಾರಿ ತಪ್ಪಿ ತನ್ನ ಮನೆಯವರನ್ನೇ ಕಳ್ಳರೆಂದು ಭಾವಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕಾಗಿಯೇ ಹುಟ್ಟಿತೇನೋ ಎನ್ನುವಷ್ಟು ಹೊಂದುತ್ತದೆ. ಕೀಲುಗಳ ಒಳಪೊರೆಯ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ; ಚರ್ಮ, ಮೂತ್ರಪಿಂಡ, ರಕ್ತ ಹೀಗೆ ಹಲವು ಕಡೆ ಬಿದ್ದರೆ ಲೂಪಸ್; ಸ್ನಾಯುಗಳ ಮೇಲೆ ಬಿದ್ದರೆ ಸ್ನಾಯುಗಳ ಉರಿಯೂತ. ಇವನ್ನೆಲ್ಲ ಒಟ್ಟಾಗಿ ಸ್ವಯಂನಿರೋಧಕ ಕಾಯಿಲೆಗಳು ಎನ್ನುತ್ತಾರೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇವು ಹೆಚ್ಚು. ಸಂಧಿವಾತದಲ್ಲಿ ಒಬ್ಬ ಪುರುಷನಿಗೆ ಸುಮಾರು ಮೂವರು ಸ್ತ್ರೀಯರು. ಲೂಪಸ್‌ನಲ್ಲಿ ಒಬ್ಬನಿಗೆ ಸುಮಾರು ಒಂಬತ್ತು ಮಂದಿ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಇರುವ ಹೆಸರು ‘ವಾಯು’. ಮಂಡಿ ಸವೆದ ಮುದುಕಿಗೂ ವಾಯು, ಮೂವತ್ತರ ವಯಸ್ಸಿನಲ್ಲಿ ಹತ್ತೂ ಬೆರಳು ಬಾತು ಮುಂಜಾನೆ ಒಂದು ತಾಸು ಮುಷ್ಟಿ ಕಟ್ಟಲಾಗದ ಸೊಸೆಗೂ ವಾಯು. ಇಲ್ಲಿ ನನಗೆ ನಮ್ಮ ಮಸ್ಕಿಯ ಶಾಸನ ನೆನಪಾಗುತ್ತದೆ. ದೇಶದ ಎಷ್ಟೋ ಕಡೆ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದಿನಲ್ಲಿ ಶಾಸನಗಳು ಸಿಕ್ಕಿದ್ದವು. ಈ ದೊರೆ ಅಶೋಕನೇ ಎಂದು ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಚಿನ್ನವನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಕಂಡ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಂದಿನಿಂದ ಉಳಿದ ಶಾಸನಗಳನ್ನು ಓದುವ ಬಗೆ ಗಟ್ಟಿಯಾಯಿತು. ಕಾಯಿಲೆಯ ವಿಷಯದಲ್ಲಿಯೂ ಹಾಗೆಯೇ. ‘ವಾಯು’ ಎಂಬ ಬಿರುದಿನ ಹಿಂದೆ ಇರುವ ನಿಜವಾದ ಹೆಸರು ತಿಳಿದ ದಿನವೇ ಚಿಕಿತ್ಸೆಯ ದಾರಿ ತೆರೆಯುತ್ತದೆ. ಆ ಹೆಸರನ್ನು ತಿಳಿಯದೆ ಊರೂರು ತಿರುಗಿ, ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿ ಕೊಡುವವರ ಕೈಗೆ ಸಿಕ್ಕಿ, ಮುಖ ಊದಿ ಮೂಳೆ ಟೊಳ್ಳಾದವರನ್ನು ನೀವೂ ನೋಡಿರುತ್ತೀರಿ.

ಇಂಥವರು ಎಷ್ಟು ಮಂದಿ ಇರಬಹುದು? ಪುಣೆ ಜಿಲ್ಲೆಯ ಭಿಗವಣ್ ಎಂಬ ಹಳ್ಳಿಯಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಮನೆಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ‘ನಿಮಗೆ ಎಲ್ಲಿ ನೋವು’ ಎಂದು ಕೇಳಿತು. ನೋವಿದೆ ಎಂದವರನ್ನು ವೈದ್ಯರು ಪರೀಕ್ಷಿಸಿದರು. ರುಮಟಾಯ್ಡ್ ಸಂಧಿವಾತ ಇದ್ದವರು ಸುಮಾರು ಶೇಕಡಾ ಅರ್ಧ, ಅಂದರೆ ಇನ್ನೂರಕ್ಕೆ ಒಬ್ಬರು. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಜನಸಂಖ್ಯೆ 19 ಲಕ್ಷ 28 ಸಾವಿರ. ಅದರಲ್ಲಿ ವಯಸ್ಕರು ಹತ್ತು ಲಕ್ಷ ಎಂದು ಕಡಿಮೆಯಾಗಿ ಹಿಡಿದು ಭಿಗವಣ್‌ನ ಲೆಕ್ಕವನ್ನು ಅನ್ವಯಿಸಿದರೂ ಐದು ಸಾವಿರ ಮಂದಿಯಾಗುತ್ತಾರೆ. ಇದು ಹಲಗೆಯ ಮೇಲಿನ ಲೆಕ್ಕ, ನಿಜ. ಆದರೆ ಅಪರೂಪದ ಕಾಯಿಲೆ ಎಂದು ತಳ್ಳಿಹಾಕುವಂತಿಲ್ಲ ಎಂಬುದನ್ನು ತೋರಿಸಲು ಇಷ್ಟು ಸಾಕು. ಭಿಗವಣ್‌ನಲ್ಲಿ ಎಲ್ಲವೂ ಆರಂಭವಾದದ್ದು ರೋಗಿಯ ಬಾಯಿಮಾತಿನಿಂದ ಎಂಬುದನ್ನೂ ಗಮನಿಸಿ.

ಈ ಕಾಯಿಲೆಗಳಿಗೆ ಕೊಡುವ ಔಷಧಿಗಳ ಕೆಲಸ, ದಾರಿ ತಪ್ಪಿದ ಕಾವಲುಗಾರನನ್ನು ತುಸು ಮಂಪರಿನಲ್ಲಿಡುವುದು. ಲಸಿಕೆಯ ಕೆಲಸವಾದರೋ ಕಾವಲುಗಾರನನ್ನು ಎಬ್ಬಿಸಿ, ‘ಈ ಮುಖದ ಕಳ್ಳ ಬಂದಾನು, ನೋಡಿಟ್ಟುಕೋ’ ಎಂದು ಹೇಳಿಕೊಡುವುದು. ಆದ್ದರಿಂದ ಎರಡು ಸಂದೇಹಗಳು ಸಹಜವಾಗಿ ಏಳುತ್ತವೆ. ಮಂಪರಿನಲ್ಲಿರುವವನಿಗೆ ಪಾಠ ಹತ್ತೀತೇ? ಎಬ್ಬಿಸಿದರೆ ಮತ್ತೆ ಮನೆಯವರನ್ನೇ ಹೊಡೆಯಲು ಹೊರಟಾನೇ? ಇವೆರಡೂ ತಕ್ಕ ಪ್ರಶ್ನೆಗಳು. ಇವನ್ನು ಕೇಳಿದವರನ್ನು ಮೂಢರೆಂದು ಗದರಿಸುವುದು ಸಲ್ಲದು.

ಹಾಗೆ ನೋಡಿದರೆ ನಮ್ಮ ಹಿರಿಯರ ಸೂಜಿಯ ಭಯವೂ ತೀರ ಬುಡವಿಲ್ಲದ್ದಲ್ಲ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತನ್ನು ಕೇಳದೆ ಬೆಳೆದವರು ನನ್ನ ತಲೆಮಾರಿನಲ್ಲಿ ಇಲ್ಲ. ಡೇವಿಡ್ ಸೆಂಪಲ್ ಎಂಬ ವೈದ್ಯ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಆ ಲಸಿಕೆಯನ್ನು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದರು. ಅದು ಅಸಂಖ್ಯಾತ ಜೀವಗಳನ್ನು ಉಳಿಸಿತು. ಆದರೆ ಅದರಲ್ಲಿದ್ದ ನರದ ಹೊದಿಕೆಯ ಅಂಶವನ್ನು ಕಂಡು ಕೆಲವರ ದೇಹದ ಕಾವಲು ವ್ಯವಸ್ಥೆ ತನ್ನದೇ ನರಗಳ ಮೇಲೆ ಬಿದ್ದು ಪಾರ್ಶ್ವವಾಯು ಉಂಟಾದದ್ದೂ ನಿಜ. ಅಂದರೆ ಲಸಿಕೆಯಿಂದಲೇ ಸ್ವಯಂನಿರೋಧಕ ಕಾಯಿಲೆ ಬಂದ ನಿದರ್ಶನ. ಅದಕ್ಕಿಂತ ಸುರಕ್ಷಿತವಾದ, ಜೀವಕೋಶಗಳಲ್ಲಿ ಬೆಳೆಸುವ ಲಸಿಕೆ ಬಂದ ಮೇಲೆ ಭಾರತ 2004ರ ಡಿಸೆಂಬರಿನಲ್ಲಿ ಆ ಹಳೆಯ ಲಸಿಕೆಯ ತಯಾರಿಕೆಯನ್ನು ನಿಲ್ಲಿಸಿತು. ಇಂದು ಹುಚ್ಚುನಾಯಿ ಕಡಿತಕ್ಕೆ ತೋಳಿನಲ್ಲಿ ಕೊಡುವ ಲಸಿಕೆಯಲ್ಲಿ ಕುರಿಯ ಮೆದುಳಿಲ್ಲ. ಈ ಕಥೆಯಿಂದ ಲಸಿಕೆ ಕೆಟ್ಟದ್ದು ಎಂಬ ಪಾಠವನ್ನು ನಾನು ಕಲಿಯುವುದಿಲ್ಲ. ಹಾಕಿಸಿಕೊಂಡವರಿಗೆ ಏನಾಯಿತು ಎಂದು ಕೇಳಿ, ಬರೆದಿಟ್ಟು, ಲೆಕ್ಕ ಹಾಕಿದ್ದರಿಂದಲೇ ಉತ್ತಮ ಲಸಿಕೆಯ ಕಡೆಗೆ ಹೋಗಲು ಸಾಧ್ಯವಾಯಿತು ಎಂಬ ಪಾಠವನ್ನು ಕಲಿಯುತ್ತೇನೆ.

ಇನ್ನು 2021ನೆಯ ಇಸವಿಗೆ ಬರೋಣ. ದೇಶದಲ್ಲಿ ಕೋವಿಡ್ ಲಸಿಕೆ ಆರಂಭವಾದದ್ದು ಆ ವರ್ಷದ ಜನವರಿ 16ರಂದು. ಲಸಿಕೆಗಳ ಮೊದಲ ಪ್ರಯೋಗಗಳಲ್ಲಿ ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಸೇವಿಸುವವರನ್ನು ಬಹುಮಟ್ಟಿಗೆ ಸೇರಿಸಿಕೊಂಡಿರಲಿಲ್ಲ. ಆದ್ದರಿಂದ ಅವರ ಬಗ್ಗೆ ಹೇಳಲು ಯಾರ ಬಳಿಯೂ ಅಂಕಿ ಇರಲಿಲ್ಲ. ಜನವರಿಯಲ್ಲಿ ಹೊರಬಂದ ಕೋವ್ಯಾಕ್ಸಿನ್‌ನ ಮಾಹಿತಿ ಪತ್ರದಲ್ಲಿ ಇಂಥ ಔಷಧಿ ತೆಗೆದುಕೊಳ್ಳುವವರು ಲಸಿಕೆ ಹಾಕಿಸಿಕೊಳ್ಳಬಾರದು ಎಂದಿತ್ತು. ಮಾರ್ಚ್ 1ರಂದು 45 ವರ್ಷ ದಾಟಿದ, ಬೇರೆ ಕಾಯಿಲೆಗಳಿರುವವರಿಗೆ ಲಸಿಕೆ ತೆರೆದಾಗ ಸರಕಾರದ ಇಪ್ಪತ್ತು ಕಾಯಿಲೆಗಳ ಪಟ್ಟಿಯಲ್ಲಿ, ದೀರ್ಘಕಾಲ ಸ್ಟಿರಾಯ್ಡ್ ಅಥವಾ ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಸೇವಿಸುವವರಿಗೆ ಆದ್ಯತೆ ಎಂದಿತ್ತು. ಜನವರಿಯಲ್ಲಿ ‘ಬೇಡ’, ಮಾರ್ಚಿನಲ್ಲಿ ‘ನೀವೇ ಮೊದಲು’. ಎರಡಕ್ಕೂ ಅವುಗಳದೇ ಕಾರಣಗಳಿದ್ದವು. ಆದರೆ ಆ ಕಾರಣಗಳನ್ನು ಹಳ್ಳಿಯ ಬಾಗಿಲಿಗೆ ತಂದು ತಿಳಿಸಿದವರು ಕಡಿಮೆ.

ಆಗ ನಮ್ಮ ಮಸ್ಕಿಯಲ್ಲಿ ವಿಧಾನಸಭೆಯ ಉಪಚುನಾವಣೆ. ಏಪ್ರಿಲ್ 17ರಂದು ಮತದಾನ, ಮೇ 2ರಂದು ಎಣಿಕೆ. ಸೋಂಕಿನ ಎರಡನೆಯ ಅಲೆ ಏರುತ್ತಿದ್ದ ದಿನಗಳು. ಪ್ರಚಾರದ ಗದ್ದಲದ ನಡುವೆಯೇ 45 ದಾಟಿದವರಿಗೆಲ್ಲ ಲಸಿಕೆ ನಡೆದಿತ್ತು. ಬಂಧುಗಳಾದ ನಿಮಗೆ ನಮ್ಮ ಅಕ್ಕನ ವಿಷಯ ತಿಳಿದೇ ಇದೆ. ಹದಿನಾರು ವರ್ಷಗಳಿಂದ ಸಂಧಿವಾತ, ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ. ಮೊದಲ ಸಲ ಹೋದಾಗ ಮಾತ್ರೆಯ ಹೆಸರು ಕೇಳಿ, ಬೇಡವೆಂದು ಹಿಂದಕ್ಕೆ ಕಳುಹಿಸಿದರು. ಇನ್ನೊಂದು ಕಡೆ ಏನೂ ಕೇಳದೆ ಹಾಕಿದರು. ಮರುದಿನ ಜ್ವರ, ಮೈಕೈ ನೋವು; ಅದು ಎಲ್ಲರಿಗೂ ಆದದ್ದೇ. ಆದರೆ ಮೂರನೆಯ ದಿನದಿಂದ ಮಣಿಕಟ್ಟು, ಬೆರಳುಗಳು ಬಾತು ಹನ್ನೆರಡು ದಿನ ಕಾಡಿದವು. ‘ಮುಂಜಾನಿ ಎದ್ದರ ಮುಷ್ಟಿ ಮಡಚಾಕ ಬರಂಗಿಲ್ಲ, ಚಹಾದ ಲೋಟ ಎರಡೂ ಕೈಲೆ ಹಿಡಕೊಳ್ಳಬೇಕು’ ಎಂದಳು. ಹೋಗಿ ಹೇಳಿಕೊಂಡಾಗ ಬಂದ ಉತ್ತರ, ‘ವಯಸ್ಸಾಯಿತಲ್ಲ ಅಮ್ಮಾ’. ಯಾವ ಪುಸ್ತಕದಲ್ಲಿಯೂ ಅವಳ ಮಾತು ದಾಖಲಾಗಲಿಲ್ಲ.

ಪರಿಣಾಮ ಏನಾಯಿತು? ಎರಡನೆಯ ಡೋಸಿನ ದಿನ ಬಂದಾಗ ಅವಳು ಸುತರಾಂ ಒಪ್ಪಲಿಲ್ಲ. ಅವಳನ್ನು ನೋಡಿ ಓಣಿಯ ಇನ್ನೂ ನಾಲ್ಕು ಮನೆಯವರು ಒಪ್ಪಲಿಲ್ಲ. ವಾಟ್ಸಾಪಿನ ಸುಳ್ಳು ಸಂದೇಶ ಓದಿ ಹೆದರಿದವರಲ್ಲ ಅವರು. ಕಣ್ಣೆದುರು ಕಂಡದ್ದನ್ನು ಯಾರೂ ವಿವರಿಸಲಿಲ್ಲವಾದ್ದರಿಂದ ಹೆದರಿದವರು. ಕೊನೆಗೆ ಡಿಸೆಂಬರಿನಲ್ಲಿ ಬಳ್ಳಾರಿಯ ವೈದ್ಯರೊಬ್ಬರು ಅವಳನ್ನು ಅರ್ಧ ತಾಸು ಕೂರಿಸಿಕೊಂಡು ಮಾತನಾಡಿಸಿದರು. ಮೊಮ್ಮಗಳು ನೋಟುಬುಕ್ಕಿನ ಹಾಳೆಯಲ್ಲಿ ಬರೆದಿಟ್ಟಿದ್ದ ಹನ್ನೆರಡು ದಿನಗಳ ವಿವರವನ್ನು ಓದಿದರು. ‘ನೀವು ಹೇಳುವುದು ನಿಜ, ಹೀಗೆ ಕೆಲವರಿಗೆ ಆಗುತ್ತದೆ, ಆದರೆ ನಿಮಗೆ ಕೋವಿಡ್ ಬಂದರೆ ಅದಕ್ಕಿಂತ ಕಷ್ಟ’ ಎಂದರು. ಬೇನೆ ಹಿಡಿತದಲ್ಲಿದ್ದ ಸಮಯ ನೋಡಿ ದಿನ ಗೊತ್ತುಮಾಡಿ, ಲಸಿಕೆಯ ನಂತರ ಮಾತ್ರೆಯನ್ನು ಯಾವಾಗ ಮುಂದೂಡಬೇಕು, ಯಾವಾಗ ಮತ್ತೆ ಆರಂಭಿಸಬೇಕು ಎಂದು ಬರೆದುಕೊಟ್ಟರು. ಅಕ್ಕ ಹಾಕಿಸಿಕೊಂಡಳು. ಅವಳ ಹಿಂದೆ ಓಣಿಯವರೂ ಹಾಕಿಸಿಕೊಂಡರು. ಲಸಿಕೆ ಎರಡು ಸಲವೂ ಒಂದೇ. ಎರಡನೆಯ ಸಲ ಒಬ್ಬರು ಕೇಳಿಸಿಕೊಂಡರು, ವ್ಯತ್ಯಾಸ ಅಷ್ಟೇ.

ಅಕ್ಕನದು ಒಬ್ಬಳ ಅನುಭವ. ಒಂದರಿಂದ ಲೋಕಕ್ಕೆಲ್ಲ ನಿಯಮ ಮಾಡಲಾಗದು. ಆದರೆ ಅದೇ ದಿನಗಳಲ್ಲಿ ಇಂಥ ಸಾವಿರಾರು ಅನುಭವಗಳನ್ನು ಒಟ್ಟುಗೂಡಿಸುವ ಕೆಲಸ ನಡೆದಿತ್ತು, ಅದರ ಮುಂಚೂಣಿಯಲ್ಲಿ ಭಾರತೀಯರೇ ಇದ್ದರು ಎಂಬುದು ನನಗೆ ಹೆಮ್ಮೆಯ ಸಂಗತಿ. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿದ್ದ ಡಾ. ಲತಿಕಾ ಗುಪ್ತಾ ಮತ್ತು ಸಹೋದ್ಯೋಗಿಗಳು 2021ರಲ್ಲಿ ‘ಕೋವ್ಯಾಡ್’ ಎಂಬ ಅಧ್ಯಯನವನ್ನು ಆರಂಭಿಸಿದರು. ಸ್ವಯಂನಿರೋಧಕ ಕಾಯಿಲೆ ಇರುವವರನ್ನೂ ಇಲ್ಲದವರನ್ನೂ ಲಸಿಕೆಯ ಬಗ್ಗೆ ನೇರವಾಗಿ ಕೇಳುವ 36 ಪ್ರಶ್ನೆಗಳ ಪಟ್ಟಿ ಅದು. 18 ಭಾಷೆಗಳಿಗೆ ಅನುವಾದವಾಗಿ ತೊಂಬತ್ತಕ್ಕೂ ಹೆಚ್ಚು ದೇಶಗಳಿಗೆ ಹೋಯಿತು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಲಸಿಕೆಯ ನಂತರದ ಏಳು ದಿನಗಳಲ್ಲಿ ಹೆಚ್ಚಿನವರಿಗೆ ಆದದ್ದು ತೋಳು ನೋವು, ಆಯಾಸ, ತಲೆನೋವು, ಜ್ವರದಂಥ ಸಾಮಾನ್ಯ ತೊಂದರೆಗಳು. ಆಸ್ಪತ್ರೆ ಸೇರಬೇಕಾದವರು ಬಹಳ ವಿರಳ. ಒಟ್ಟಿನಲ್ಲಿ ಈ ರೋಗಿಗಳಿಗೂ ಲಸಿಕೆ ಸುರಕ್ಷಿತ ಎಂಬುದು ಅದರ ಸಾರ.

ಬೇನೆ ಕೆರಳುವ ವಿಷಯದಲ್ಲಿ ಮಾತ್ರ ಒಂದು ಸ್ವಾರಸ್ಯವಿದೆ. ಯುರೋಪಿನಲ್ಲಿ ವೈದ್ಯರು ತಮ್ಮ ರೋಗಿಗಳ ಬಗ್ಗೆ ವರದಿ ಕಳುಹಿಸುವ ಒಂದು ದಾಖಲೆ ಪುಸ್ತಕವಿತ್ತು. ಸುಮಾರು ಐದು ಸಾವಿರ ಮಂದಿಯ ಆ ವರದಿಯ ಪ್ರಕಾರ ಉರಿಯೂತದ ಕಾಯಿಲೆ ಇದ್ದವರಲ್ಲಿ ಬೇನೆ ಕೆರಳಿದ್ದು ಶೇಕಡಾ 4.4 ಮಂದಿಗೆ, ತೀವ್ರವಾಗಿ ಕೆರಳಿದ್ದು ಶೇಕಡಾ 0.6 ಮಂದಿಗೆ. ಕೋವ್ಯಾಡ್ ಅಧ್ಯಯನದಲ್ಲಿ ಸ್ನಾಯು ಉರಿಯೂತದ ರೋಗಿಗಳನ್ನೇ ಕೇಳಿದಾಗ ಸುಮಾರು ಹತ್ತರಲ್ಲಿ ಒಬ್ಬರು ‘ನನಗೆ ಬೇನೆ ಕೆರಳಿತು’ ಎಂದರು. ಅದೇ ರೋಗಿಗಳ ದೈನಂದಿನ ಚಟುವಟಿಕೆಯ ಅಂಕಗಳನ್ನು ಮೊದಲಿನದರೊಡನೆ ಹೋಲಿಸಿ ನೋಡಿದಾಗ ಸುಮಾರು ಐವರಲ್ಲಿ ಒಬ್ಬರ ಶಕ್ತಿ ಕುಂದಿದ್ದು ಕಂಡಿತು. ಯುರೋಪಿನ ರೋಗಿಗಳೂ ಇವರೂ ಬೇರೆ ಬೇರೆ. ಹಾಗಾಗಿ ಈ ಅಂಕಿಗಳನ್ನು ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಆದರೂ ಒಂದು ಮಾತು ಸ್ಪಷ್ಟ. ಯಾರನ್ನು ಕೇಳುತ್ತೀರಿ, ಹೇಗೆ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಂದೇ ತರಗತಿಗೆ ಬಾಯಿಪಾಠದ ಪರೀಕ್ಷೆ ಇಟ್ಟರೆ ಒಂದು ಫಲಿತಾಂಶ, ಲೆಕ್ಕ ಬಿಡಿಸಲು ಕೊಟ್ಟರೆ ಇನ್ನೊಂದು ಬರುವುದನ್ನು ಮೇಷ್ಟ್ರುಗಳೆಲ್ಲ ಬಲ್ಲರು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಅಂತರಜಾಲದಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸಲು ಫೋನು ಬೇಕು, ಅಕ್ಷರ ಬೇಕು, ಬಿಡುವು ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬಗ್ಗಿ ಭತ್ತದ ನಾಟಿ ಮಾಡುವ ಸಿಂಧನೂರು ಸೀಮೆಯ ಹೆಣ್ಣುಮಗಳು ಆ ಪಟ್ಟಿಯನ್ನು ತುಂಬಿರುವುದು ಅಸಂಭವ. ಅವಳ ಬೆರಳ ಗೆಣ್ಣಿನ ಸುದ್ದಿ ಅವಳ ಗಂಡನಿಗೂ ಪೂರ್ತಿ ಗೊತ್ತಿರುವುದಿಲ್ಲ.

ಹಾಗಾದರೆ ಅವಳನ್ನು ಏನೆಂದು ಕೇಳಬೇಕು? ‘ಆರಾಮ ಇದ್ದೀಯೇನವ್ವಾ’ ಎಂದರೆ ‘ಆರಾಮರಿ’ ಎಂದೇ ಅನ್ನುತ್ತಾಳೆ. ಅದು ಸೌಜನ್ಯ, ವರದಿಯಲ್ಲ. 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾ. ಜೇಮ್ಸ್ ಫ್ರೈಸ್ ಮತ್ತು ಜೊತೆಗಾರರು ಇದಕ್ಕೊಂದು ದಾರಿ ಹುಡುಕಿದರು. ನೋವು ಎಷ್ಟು ಎಂದಷ್ಟೇ ಕೇಳದೆ ಇಂಥಿಂಥ ಕೆಲಸ ಮಾಡಲು ಆಗುತ್ತದೆಯೇ ಎಂದು ಕೇಳುವುದು. ಕಷ್ಟವಿಲ್ಲ ಎಂದರೆ 0, ತುಸು ಕಷ್ಟ ಎಂದರೆ 1, ಬಹಳ ಕಷ್ಟ ಎಂದರೆ 2, ಆಗುವುದೇ ಇಲ್ಲ ಎಂದರೆ 3 ಅಂಕ. ಆದರೆ ಅಲ್ಲಿಯ ಪ್ರಶ್ನೆಗಳು ಅಲ್ಲಿಯ ಬದುಕಿನವು. ದೆಹಲಿಯ ವೈದ್ಯರು 2002ರಲ್ಲಿ ಭಾರತೀಯರಿಗಾಗಿ ಹನ್ನೆರಡು ಪ್ರಶ್ನೆಗಳ ಪಟ್ಟಿಯೊಂದನ್ನು ಪರೀಕ್ಷಿಸಿ ಪ್ರಕಟಿಸಿದರು. ಸೀರೆ ಅಥವಾ ಧೋತರ ಉಡಬಲ್ಲಿರಾ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಲ್ಲಿರಾ, ಆಟೋ ಹತ್ತಿ ಇಳಿಯಬಲ್ಲಿರಾ, ನಲ್ಲಿ ತಿರುಗಿಸಬಲ್ಲಿರಾ ಎಂಬಂಥವು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನೆಲ್ಲ ‘ರೋಗಿಯೇ ಹೇಳುವ ಆರೋಗ್ಯ’ ಎಂದು ಶಾಸ್ತ್ರದ ಸ್ಥಾನಮಾನ ಕೊಟ್ಟು ಅಳೆಯುತ್ತಾರೆ. ಎಷ್ಟೋ ಸಲ ರಕ್ತಪರೀಕ್ಷೆ ಹೇಳದಿದ್ದುದನ್ನು ಇದು ಹೇಳುತ್ತದೆ.

ನಮ್ಮ ಸೀಮೆಗೆ ಇದನ್ನು ಇನ್ನೂ ಹತ್ತಿರ ತರಬಹುದು. ಜೋಳದ ರೊಟ್ಟಿಗಿಂತ ಒಳ್ಳೆಯ ಪರೀಕ್ಷೆ ಉಂಟೇ? ಬಿಸಿನೀರು ಹಾಕಿ ಹಿಟ್ಟು ನಾದಲು ಮಣಿಕಟ್ಟು ಬೇಕು, ಅಂಗೈ ಅಗಲಿಸಿ ಬಡಿಯಲು ಬೆರಳ ಬುಡದ ಕೀಲುಗಳು ಬೇಕು, ಎತ್ತಿ ಹೆಂಚಿಗೆ ಹಾಕಲು ಮೊಣಕೈ, ಭುಜ ಬೇಕು. ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದವಳು ಐದಕ್ಕೆ ನಿಲ್ಲಿಸಿದರೆ ಅದಕ್ಕಿಂತ ಖಚಿತವಾದ ವರದಿ ಬೇಕಿಲ್ಲ. ಮುಂಜಾನೆಯ ಬಿಗಿತ ಎಷ್ಟು ಹೊತ್ತು, ತುಂಬಿದ ಕೊಡ ಎತ್ತಲು ಆಯಿತೇ, ಹತ್ತಿ ಬಿಡಿಸಲು ಬೆರಳು ಬಂದವೇ, ಸೀರೆಯ ನೆರಿಗೆ ಹಿಡಿಯಲು ಸೊಸೆಯ ಸಹಾಯ ಬೇಕಾಯಿತೇ, ರಾತ್ರಿ ನೋವಿಗೆ ಎಚ್ಚರವಾಯಿತೇ? ಐದಾರು ಪ್ರಶ್ನೆಗಳು, ಐದು ನಿಮಿಷದ ಕೆಲಸ.

ಇಲ್ಲಿ ಒಂದು ಆಕ್ಷೇಪ ಬರುವುದು ನನಗೆ ಗೊತ್ತು. ರೋಗಿಯ ಮಾತನ್ನು ಹೇಗೆ ನಂಬುವುದು, ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸಂಬಂಧ ಕಲ್ಪಿಸುವವರೇ ಹೆಚ್ಚಲ್ಲವೇ ಎಂದು. ಈ ಆಕ್ಷೇಪದಲ್ಲಿ ಹುರುಳಿದೆ. ಸಂಧಿವಾತ ಲಸಿಕೆ ಇಲ್ಲದೆಯೂ ಕೆರಳುತ್ತದೆ. ನಾಟಿಯ ದಿನಗಳಲ್ಲಿ ಹೆಚ್ಚು ದುಡಿದರೆ, ಮಾತ್ರೆ ತೀರಿಹೋಗಿ ಎರಡು ವಾರ ತಪ್ಪಿದರೆ, ಮನಸ್ಸಿಗೆ ಆಘಾತವಾದರೆ ನೋವು ಏರಬಹುದು. ಲಸಿಕೆಯ ನಂತರ ಆದದ್ದೆಲ್ಲ ಲಸಿಕೆಯಿಂದ ಆದದ್ದಲ್ಲ. ಹಾಗೆಂದು ಕಿವಿ ಮುಚ್ಚಿಕೊಳ್ಳುವುದು ಪರಿಹಾರವಲ್ಲ. ಹೆಚ್ಚು ಸಲ ಕೇಳುವುದೇ ಪರಿಹಾರ. ಲಸಿಕೆಗೆ ಎರಡು ವಾರ ಮೊದಲೇ ಬರೆಯಲು ಆರಂಭಿಸಿದರೆ ಮೊದಲಿನ ಸ್ಥಿತಿ ತಿಳಿಯುತ್ತದೆ; ನಂತರದ ನಾಲ್ಕು ವಾರ ಬರೆದರೆ ಹೋಲಿಸಲು ಬರುತ್ತದೆ. ಒಬ್ಬರ ಹಾಳೆ ಸಾಕ್ಷಿಯಾಗದಿರಬಹುದು. ನೂರು ಜನರ ಹಾಳೆಗಳು ಸೇರಿದರೆ ಅದು ಜ್ಞಾನವಾಗುತ್ತದೆ. ಬರೆಯದ ನೂರು ಜನರ ಮಾತು ಸೇರಿದರೆ ಮಾತ್ರ ಗಾಳಿಸುದ್ದಿಯಾಗುತ್ತದೆ.

ಗಾಳಿಸುದ್ದಿಯ ಶಕ್ತಿಯನ್ನು 2024ರಲ್ಲಿ ಕಂಡೆವು. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಬರಬಹುದು ಎಂದು ಅಸ್ಟ್ರಾಜೆನೆಕಾ ಸಂಸ್ಥೆ ಬ್ರಿಟನ್ನಿನ ನ್ಯಾಯಾಲಯದ ಕಾಗದಗಳಲ್ಲಿ ಒಪ್ಪಿದ ಸುದ್ದಿ ಬಂತು. ವೈದ್ಯಲೋಕಕ್ಕೆ ಅದು 2021ರಿಂದಲೇ ತಿಳಿದಿದ್ದ ವಿಷಯ. ಆ ತೊಂದರೆ ಬರುವುದು ಲಸಿಕೆಯ ನಂತರದ ಕೆಲವೇ ವಾರಗಳಲ್ಲಿ. ಮೂರು ವರ್ಷ ಕಳೆದವರು ಹೆದರಬೇಕಾದುದೇ ಇರಲಿಲ್ಲ. ಆದರೂ ಎಷ್ಟು ಮಂದಿ ನಿದ್ದೆಗೆಟ್ಟರು! ಮೊದಲೇ ‘ಹೀಗೂ ಆಗಬಹುದು, ಅತಿ ವಿರಳ, ಈ ಲಕ್ಷಣ ಕಂಡರೆ ಬನ್ನಿ’ ಎಂದು ಹೇಳಿದ್ದರೆ ಭಯಕ್ಕೆ ಅಷ್ಟು ಜಾಗವಿರುತ್ತಿರಲಿಲ್ಲ.

ಇನ್ನು ಮಂಪರಿನ ಕಾವಲುಗಾರನಿಗೆ ಪಾಠ ಹತ್ತುವುದೇ ಎಂಬ ಮೊದಲ ಸಂದೇಹ. ಇದಕ್ಕೂ ಒಳ್ಳೆಯ ಉತ್ತರ ನಮ್ಮ ನೆರೆರಾಜ್ಯದಿಂದಲೇ ಬಂದಿದೆ. ಕೊಚ್ಚಿಯ ಡಾ. ಪದ್ಮನಾಭ ಶೆಣೈ ಅವರ ತಂಡ ಕೋವಿಶೀಲ್ಡ್ ಪಡೆದ ಸಂಧಿವಾತದ ರೋಗಿಗಳಲ್ಲಿ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಲಸಿಕೆಯ ನಂತರ ಎರಡು ವಾರ ನಿಲ್ಲಿಸಿ ನೋಡಿತು. ನಿಲ್ಲಿಸಿದವರಲ್ಲಿ ಪ್ರತಿಕಾಯಗಳು ಹೆಚ್ಚಾಗಿ ಬೆಳೆದವು. ಆದರೆ ಎರಡೂ ಡೋಸಿನ ನಂತರ ನಿಲ್ಲಿಸಿದವರಲ್ಲಿ ಬೇನೆ ಕೆರಳಿದ್ದೂ ಹೆಚ್ಚು. ಬ್ರಿಟನ್ನಿನಲ್ಲಿ 254 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೂ, ಬೂಸ್ಟರ್ ನಂತರ ಎರಡು ವಾರ ಮಾತ್ರೆ ನಿಲ್ಲಿಸಿದವರಲ್ಲಿ ಪ್ರತಿಕಾಯಗಳು ಸುಮಾರು ಎರಡು ಪಟ್ಟು ಕಂಡವು. ರಿಟುಕ್ಸಿಮಾಬ್‌ನಂಥ ಔಷಧಿ ಪಡೆಯುವವರಲ್ಲಿ ಲಸಿಕೆಯ ಫಲ ಬಹಳ ತಗ್ಗುತ್ತದೆ. ಅವರಿಗೆ ದಿನ ಗೊತ್ತುಮಾಡುವುದೇ ಮುಖ್ಯ. ಇದರಿಂದ ‘ನಾವೇ ಮಾತ್ರೆ ನಿಲ್ಲಿಸೋಣ’ ಎಂದು ಯಾರೂ ತಿಳಿಯಬೇಡಿ. ಪಡೆಯುವುದು ಎಷ್ಟು, ಕಳೆಯುವುದು ಎಷ್ಟು ಎಂದು ತೂಗಿ ಹೇಳಬೇಕಾದವರು ವೈದ್ಯರು. ಅವರು ತೂಗುವುದಕ್ಕೆ ಬೇಕಾದ ಒಂದು ತಟ್ಟೆಯ ತೂಕ ನಿಮ್ಮ ಮನೆಯ ನೋಟುಬುಕ್ಕಿನಲ್ಲಿದೆ.

ಎರಡು ಎಚ್ಚರಿಕೆಗಳನ್ನು ಪಾಠದ ಕೊನೆಯ ಸಾಲಿನಂತೆ ಗಟ್ಟಿಯಾಗಿ ಹೇಳುತ್ತೇನೆ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆಯ ಔಷಧಿ. ತಿಳಿಯದೆ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ವಾರದ ಹೆಸರನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ. ಎರಡನೆಯದು, ಲಸಿಕೆಗಳೆಲ್ಲ ಒಂದೇ ಬಗೆಯವಲ್ಲ. ದಡಾರ, ಸೀತಾಳೆ ಸಿಡುಬುಗಳಿಗೆ ಕೊಡುವಂಥ, ದುರ್ಬಲಗೊಳಿಸಿದ ಜೀವಂತ ರೋಗಾಣುಗಳ ಲಸಿಕೆಗಳನ್ನು ನಿರೋಧಕ ಶಕ್ತಿ ಬಹಳ ತಗ್ಗಿದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಫ್ಲೂ ಇಂಜೆಕ್ಷನ್, ನ್ಯುಮೋನಿಯಾ ಲಸಿಕೆ ಆ ಬಗೆಯವಲ್ಲ. ಇಂಥ ರೋಗಿಗಳಿಗೆ ಅವನ್ನು ತಜ್ಞರೇ ಶಿಫಾರಸು ಮಾಡುತ್ತಾರೆ, ಏಕೆಂದರೆ ಸೋಂಕು ತಗಲಿದರೆ ಇವರಿಗೇ ಹೆಚ್ಚು ಕಷ್ಟ. ಲಸಿಕೆ ಕೊಡುವವರ ಮುಂದೆ ಕಾಯಿಲೆಯ ಹೆಸರನ್ನೂ ಮಾತ್ರೆಯ ಹೆಸರನ್ನೂ ಮುಚ್ಚಿಡದೆ ಹೇಳಿ. ಬೇಡವೆಂದರೆ ಯಾಕೆ ಬೇಡ ಎಂದು ಕೇಳಿ. ಬೇಕೆಂದರೆ ಯಾವಾಗ ಎಂದು ಕೇಳಿ.

ಸರಕಾರಕ್ಕೆ ನನ್ನ ಬಿನ್ನಹ ಸಣ್ಣದು. ಎಷ್ಟು ಡೋಸು ಹಾಕಿದೆವು ಎಂಬ ಲೆಕ್ಕ ನಮ್ಮಲ್ಲಿ ಬಹಳ ಚೆನ್ನಾಗಿದೆ. 2021ರ ಅಕ್ಟೋಬರ್ 21ಕ್ಕೆ ನೂರು ಕೋಟಿ, 2022ರ ಜುಲೈ 17ಕ್ಕೆ ಇನ್ನೂರು ಕೋಟಿ ಎಂದು ದಿನಾಂಕ ಸಹಿತ ಹೇಳಬಲ್ಲೆವು. ಅಷ್ಟು ಕೈಗಳಿಗೆ ಸೂಜಿ ತಲುಪಿಸಿದ ವ್ಯವಸ್ಥೆಗೆ, ದೀರ್ಘಕಾಲದ ಕಾಯಿಲೆ ಇರುವವರ ಮನೆಗೆ ಮೂರನೆಯ ದಿನ, ಹದಿನೈದನೆಯ ದಿನ ಹೋಗಿ ಐದು ಪ್ರಶ್ನೆ ಕೇಳುವುದು ಅಸಾಧ್ಯವೇನಲ್ಲ. ಹೇಗೂ ಓಣಿ ಓಣಿ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ಆದರೆ ಆ ಕೆಲಸಕ್ಕೆ ತಕ್ಕ ಗೌರವಧನ ಕೊಟ್ಟು, ಪ್ರಶ್ನೆಗಳನ್ನು ಅಚ್ಚ ಕನ್ನಡದಲ್ಲಿ ಬರೆಸಿ ಕೊಡಬೇಕು. ಅವರ ತಲೆಯ ಮೇಲೆ ಇನ್ನೊಂದು ಬಿಟ್ಟಿ ಹೊರೆ ಹೊರಿಸಬಾರದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ಬೆಂಗಳೂರು, ಹೈದರಾಬಾದ್, ಇನ್ನೂ ದೂರದ ದೇಶಗಳಲ್ಲಿದ್ದೀರಿ. ಊರಿನಲ್ಲಿರುವ ತಾಯಿಗೆ ಪ್ರತಿ ಭಾನುವಾರ ಫೋನು ಮಾಡುತ್ತೀರಿ, ಅವಳು ‘ಆರಾಮ ಅದೀನಿ’ ಎನ್ನುತ್ತಾಳೆ. ಮುಂದಿನ ಸಲ ಹಾಗೆ ಬಿಡಬೇಡಿ. ಇವತ್ತು ಎಷ್ಟು ರೊಟ್ಟಿ ಬಡಿದೆ ಎಂದು ಕೇಳಿ. ಮುಂಜಾನೆ ಕೈ ಸಡಿಲಾಗಲು ಎಷ್ಟು ಹೊತ್ತಾಯಿತು ಎಂದು ಕೇಳಿ. ಅವಳು ಹೇಳಿದ್ದನ್ನು ದಿನಾಂಕ ಹಾಕಿ ಬರೆದುಕೊಳ್ಳಿ. ಮನೆಯಲ್ಲಿ ಓದುವ ಮಗುವಿದ್ದರೆ ಅದರ ಕೈಯಿಂದ ಬರೆಸಿ. ಆ ಹಾಳೆಯನ್ನು ಮುಂದಿನ ಸಲ ವೈದ್ಯರ ಮೇಜಿನ ಮೇಲಿಡಿ. ಔಷಧಿಯನ್ನೋ ಲಸಿಕೆಯನ್ನೋ ಕೊಡುವುದು ಅವರ ಕೆಲಸ. ಅವಳು ಹೇಗಿದ್ದಾಳೆಂದು ಅವರಿಗೆ ಗೊತ್ತಾಗುವಂತೆ ಮಾಡುವುದು ನಮ್ಮ ಕೆಲಸ.